ಓದುವವರು: ಅಪ್ಪ

ಚಾಮರಾಜಪೇಟೆ
ಶನಿವಾರ, 15 ನವೆಂಬರ್ 2025, ಮಧ್ಯಾಹ್ನ

ಚಿರಂಜೀವಿ ಶರಣ್ಯಾ,

ಆಶೀರ್ವಾದ, ಕುಶಲಪ್ರಶ್ನೆ ಎಲ್ಲ ಆಮೇಲೆ. ಮೊದಲು ಬಾಗಿಲಿಗೆ ಚಿಲಕ ಹಾಕಿಕೊಂಡು ಬಾ, ಕುಳಿತುಕೊಂಡು ಓದು. ಈ ಪತ್ರ ತಂದಿರುವವಳು ನಮ್ಮ ಸ್ಕೂಲಿನ ಆಯಾ ಹನುಮಕ್ಕ. ನೀನು ಓದುವಾಗಲೂ ಇದ್ದವಳು, ನೋಡಿದರೆ ಗುರುತು ಹತ್ತುತ್ತದೆ. ನಿಮ್ಮ ಮನೆ ಕೆಳಗಿನ ಹಿಟ್ಟಿನ ಗಿರಣಿಗೆ ರಾಗಿ ಬೀಸಿಸುವ ನೆಪದಲ್ಲಿ ಡಬ್ಬಿ ಹಿಡಿದು ಬಂದಿದ್ದಾಳೆ. ಅವಳನ್ನು ಒಳಗೆ ಕೂರಿಸಿ ಒಂದು ಲೋಟ ನೀರು ಕೊಡು.

ನಿನ್ನ ಮನೆ ನನಗೆ ಹೇಗೆ ಗೊತ್ತಾಯಿತೆಂದು ಹೆದರಿರುತ್ತೀ. ಹೆದರಬೇಕಾದದ್ದೇ. ನನಗೆ ಗೊತ್ತಾದ ದಾರಿಯಲ್ಲೇ ನಿನ್ನ ಅಪ್ಪನಿಗೂ ಗೊತ್ತಾಗಿದೆ. ನೀನೂ ಶಶಿಯೂ ಇವತ್ತು ಕತ್ತಲಾಗುವ ಮೊದಲು ಆ ಮನೆ ಬಿಡಬೇಕು. ಏಳು ತಿಂಗಳ ಬಸುರಿಗೆ ಇಂಥ ಪತ್ರ ಬರೆಯಬೇಕಾಗಿ ಬಂತಲ್ಲ. ನಿಮ್ಮ ಕಾಪಿಪುಸ್ತಕಗಳಲ್ಲಿ ಸೊಟ್ಟ ಅಕ್ಷರ ಕಂಡರೆ ಕೆಂಪು ಗೆರೆ ಎಳೆಯುತ್ತಿದ್ದವಳು ನಾನು. ಈಗ ನನ್ನ ಅಕ್ಷರ ನೋಡು.

ತಪ್ಪು ರಂಜಿನಿಯದಲ್ಲ. ತಂಗಿಯ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ತಪ್ಪು ನನ್ನದು, ಇಪ್ಪತ್ತೆರಡು ವರ್ಷದಿಂದ ನಾನು ಜಂಬ ಕೊಚ್ಚಿಕೊಂಡು ಬಂದ ನನ್ನ ಪಾಠದ್ದು.

ನಿನಗೂ ಆ ಪಾಠ ಮಾಡಿದ್ದೇನೆ. ಹಾಳೆಯ ತಲೆಯಲ್ಲಿ ಎರಡು ಸಾಲು ಬರೆಸುತ್ತಿದ್ದೆನಲ್ಲ, ‘ಹೇಳುವವರು’ ಯಾರು, ‘ಓದುವವರು’ ಯಾರು ಎಂದು. ಒಂದೇ ಸಂಗತಿಯನ್ನು ಬೇರೆ ಬೇರೆಯವರ ಬಾಯಲ್ಲಿ ಬೇರೆ ಬೇರೆಯವರಿಗೆ ಹೇಳುವುದು. ಈ ಸಲದ ಒಂಬತ್ತನೇ ಕ್ಲಾಸಿಗೆ ಬೀದಿಯಲ್ಲಿ ಮೂರು ದಿನ ನೀರು ಬಾರದ ಕಥೆ ಕೊಟ್ಟೆ. ಮನೆ ಓನರ್ ಆಗಿ ಇಂಜಿನಿಯರ್‌ಗೆ ಬರೆಯಿರಿ, ಮನೆಗೆಲಸದ ಮುನಿಯಕ್ಕನಾಗಿ ಅವಳ ಮಗಳಿಗೆ ಬರೆಯಿರಿ ಎಂದೆ. ಒಬ್ಬಳು ಇಂಜಿನಿಯರ್‌ಗೆ ಬರೆದ ಅರ್ಜಿಯ ಕೊನೆಗೆ ‘ವೇಳೆಗೆ ಸರಿಯಾಗಿ ಊಟ ಮಾಡಿ’ ಎಂದು ಬರೆದಿದ್ದಳು. ಇಡೀ ಸ್ಟಾಫ್ ರೂಮು ನಕ್ಕಿತು. ಎರಡು ವಾರದ ಕೆಳಗೆ ನಾನು ಹಾಗೆಲ್ಲ ನಗುತ್ತಿದ್ದೆ.

ಎರಡನೆಯ ಅಭ್ಯಾಸ ಮನೆಯದು. ನಿಮ್ಮ ಮನೆಯವರೊಬ್ಬರಾಗಿ ಮನೆಯ ಇನ್ನೊಬ್ಬರಿಗೆ ಪತ್ರ ಬರೆಯಬೇಕು. ನೀನು ಓದುವಾಗ ಇಲ್ಲದ ಒಂದು ನಿಯಮ ಈಚೆಗೆ ಸೇರಿಸಿದ್ದೇನೆ. ಓದುವವರು ಎಂದು ಯಾರ ಹೆಸರಿದೆಯೋ ಅವರಿಗೇ ಕೊಟ್ಟು ಓದಿಸಿ, ಕೆಳಗೆ ಅವರ ಸಹಿ ಹಾಕಿಸಿಕೊಂಡು ಬರಬೇಕು. ಓದುವವರು ನಿಜವಾಗಿ ಇದ್ದಾರೆ ಎಂದು ಗೊತ್ತಾದರೆ ಮಕ್ಕಳು ಸುಳ್ಳು ಬರೆಯುವುದಿಲ್ಲ ಅನ್ನುವುದು ನನ್ನ ಲೆಕ್ಕಾಚಾರ. ಅಜ್ಜಿಯರು ಓದಿ ಅತ್ತಿದ್ದಾರೆ. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಮಾತಾಡಿದ್ದಾರೆ. ನನಗೆ ತಲೆ ತಿರುಗಿಬಿಟ್ಟಿತ್ತು ಅನ್ನು.

ರಂಜಿನಿಯ ಹಾಳೆಯ ತಲೆಯಲ್ಲಿ ಹೀಗಿತ್ತು. ಹೇಳುವವರು: ಅಕ್ಕ. ಓದುವವರು: ಅಪ್ಪ.

ಅವಳು ನೀನಾಗಿ ಬರೆದಿದ್ದಳು, ಶರಣ್ಯಾ. ನಿನ್ನ ದನಿಯೇ. ‘ಅಪ್ಪಾಜಿ, ನೀವು ನನ್ನ ಹೆಸರು ಹೇಳದೆ ಹದಿನಾಲ್ಕು ತಿಂಗಳಾಯಿತು’ ಎಂದು ಶುರು. ನಿಮ್ಮ ಮನೆಯ ಅಡುಗೆಕಟ್ಟೆ ಪಕ್ಕದ ಕಿಟಕಿಯಲ್ಲಿ ರೈಲು ಕಾಣುತ್ತದೆ, ಅದು ಮಲ್ಲೇಶ್ವರ ಸ್ಟೇಷನ್ ಬಿಟ್ಟು ವೇಗ ಹಿಡಿಯುವಾಗ ಗೂಟಕ್ಕೆ ನೇತುಹಾಕಿದ ಸೌಟುಗಳು ಅಲುಗುತ್ತವೆ. ಕೆಳಗಿನ ಗಿರಣಿಯಲ್ಲಿ ಮೆಣಸಿನಕಾಯಿ ಹಾಕಿದ ದಿನ ನೀನು ಸೀನಿ ಸೀನಿ ಹೊಟ್ಟೆ ಹಿಡಿದುಕೊಳ್ಳುತ್ತೀ, ಆಗ ಶಶಿ ಒದ್ದೆ ಟವೆಲನ್ನು ಕಿಟಕಿಗೆ ಕಟ್ಟುತ್ತಾನೆ. ‘ನಿಮ್ಮ ಮೊಮ್ಮಗು ಒಳಗಿಂದಲೇ ಒದೆಯುತ್ತದೆ, ಅದಕ್ಕೂ ಖಾರ ಆಗಿಬರುವುದಿಲ್ಲ, ನಿಮ್ಮ ಹಾಗೆ.’ ಈ ಸಾಲು ಓದಿ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟೆ. ಸಹಿ ಇಲ್ಲದ್ದರಿಂದ ನಿಯಮದ ಪ್ರಕಾರ ಐದು ಕಳೆದೆ.

ಅವಳು ಮೂರು ದಿನ ಸಹಿ ತರಲಿಲ್ಲ. ನಾಲ್ಕನೆಯ ದಿನ ನನ್ನ ಟೇಬಲ್ ಹತ್ತಿರ ಬಂದು, “ಮಿಸ್, ಓದುವವರು ಅಮ್ಮ ಅಂತ ಬದಲಾಯಿಸ್ಲಾ?” ಎಂದು ಕೇಳಿದಳು. ಓದುವವರು ಬದಲಾದರೆ ಪ್ರತಿ ಸಾಲನ್ನೂ ಬದಲಾಯಿಸಬೇಕಾಗುತ್ತದೆ, ಇದು ಅಪ್ಪನಿಗೇ ಬರೆದದ್ದು, ಧೈರ್ಯ ಮಾಡಿ ಕೊಡು ಎಂದೆ. ಅವಳ ಮುಖ ಬಿಳಿಚಿಕೊಂಡದ್ದನ್ನು ನೋಡಿದೆ. ನೋಡಿಯೂ ಹೇಳಿದೆ. ನಿಮ್ಮ ಮನೆಯ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ನೀನು ಜಾತಿ ಬಿಟ್ಟು ಮದುವೆಯಾದೆ ಎಂದು ನಿನ್ನ ಅಪ್ಪ ಆಡಿದ ಮಾತುಗಳನ್ನು ಬಸವನಗುಡಿಯಲ್ಲಿ ಕೇಳದವರಿಲ್ಲ. ರಂಜಿನಿಯ ಪತ್ರ ಓದಿದರೆ ಅವರು ಕರಗುತ್ತಾರೆ, ಮುರಿದ ಮನೆಯನ್ನು ಜೋಡಿಸಿದವಳು ಮಹಾನಂದ ಮಿಸ್ ಎಂದು ನಾಲ್ಕು ಜನ ಹೇಳುತ್ತಾರೆ ಎಂದು ಆಸೆಪಟ್ಟೆ. ಇಷ್ಟು ವಯಸ್ಸಾಗಿ ಇಂಥ ಚಪಲ ನನಗೆ.

ಮಂಗಳವಾರ ಸಹಿ ಬಂತು. ‘ಓದಿದೆ. ಶಿವರುದ್ರಪ್ಪ’ ಎಂದು ದುಂಡಗಿನ ಅಕ್ಷರದಲ್ಲಿ, ತಾರೀಖಿನ ಸಮೇತ. ಅಪ್ಪ ಏನಂದರು ಎಂದು ರಂಜಿನಿಯನ್ನು ಕೇಳಿದೆ. ಏನೂ ಅನ್ನಲಿಲ್ಲ ಮಿಸ್, ಎರಡು ಸಲ ಓದಿದರು, ಊಟಕ್ಕೆ ಕರೆದರು ಎಂದಳು. ನಾನು ಖುಷಿಪಟ್ಟೆ.

ಬುಧವಾರ ಅವರೇ ಸ್ಕೂಲಿಗೆ ಬಂದರು. ಬಿಳಿ ಶರಟು, ಹಣೆ ತುಂಬ ವಿಭೂತಿ, ಎಷ್ಟು ಮೆತ್ತಗಿನ ಮಾತು! “ಬಹಳ ಚೆನ್ನಾಗಿ ಬರೆಸ್ತೀರ ಮೇಡಂ. ನಮ್ಮ ರಂಜಿನಿಗೆ ಇಷ್ಟೊಂದು ಕಲ್ಪನೆ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ” ಎಂದರು. ಅಲ್ಲಿಗೆ ಹೌದು ಸಾರ್ ಎಂದು ಸುಮ್ಮನಾಗಿದ್ದರೆ ಈ ಪತ್ರದ ಅಗತ್ಯವೇ ಇರಲಿಲ್ಲ. ನನ್ನ ಪಾಠವನ್ನು ಅವರು ತಪ್ಪು ತಿಳಿದುಕೊಂಡರಲ್ಲ ಎಂದು ನನಗೆ ಚುಚ್ಚಿತು. “ಕಲ್ಪನೆ ಅಲ್ಲ ಸಾರ್. ಮಾತು ಯಾರದಾದ್ರೂ ಆಗ್ಲಿ, ಜಾಗ ಮಾತ್ರ ಕಣ್ಣಾರೆ ಕಂಡಿದ್ದೇ ಬರೀಬೇಕು ಅನ್ನೋದು ನನ್ನ ರೂಲು” ಎಂದೆ.

“ಹಂಗಾದ್ರೆ ನೋಡ್ಕೊಂಡ್ ಬಂದಿದಾಳೆ.”

“ನೋಡದೆ ಇದ್ರೆ ಸೌಟು ಅಲುಗೋದೆಲ್ಲ ಹೊಳೆಯುತ್ತಾ ಸಾರ್?” ಎಂದು ನಾನೇ ನಕ್ಕೆ.

ಅವರು ಕಾಫಿ ಪೂರ್ತಿ ಕುಡಿದರು, ಕೈ ಮುಗಿದರು, ಹೋದರು. ಗುರುವಾರದಿಂದ ರಂಜಿನಿ ಸ್ಕೂಲಿಗೆ ಬಂದಿಲ್ಲ. ಫೋನ್ ಮಾಡಿದರೆ ಜ್ವರ ಎಂದರು. ಆಗಲೂ ನನಗೆ ಬುದ್ಧಿ ಬರಲಿಲ್ಲ. ಆ ಮಧ್ಯಾಹ್ನ ಸುಮ್ಮನೆ ಹನುಮಕ್ಕನಿಗೆ ಆ ಪತ್ರದ ಕಿಟಕಿಯ ವಿಷಯ ಹೇಳುತ್ತಿದ್ದೆ. ಅವಳು ಶ್ರೀರಾಮಪುರದವಳು. ಕಸಪೊರಕೆ ಕೆಳಗಿಡದೆ, “ಲೈನ್ ಪಕ್ಕ, ಮೇಲ್ಗಡೆ ಮನೆ ಇರೋ ಮಿಲ್ಲಾ? ಅದೊಂದೇ ಇರೋದು ಮಿಸ್” ಎಂದಳು. ಹನುಮಕ್ಕನಿಗೆ ಅಷ್ಟು ಸಾಕಾಗಿದ್ದರೆ, ತರಗುಪೇಟೆಯಲ್ಲಿ ಮೂವತ್ತು ವರ್ಷ ಕಾಳುಕಡ್ಡಿ ಮಾರಿದ ಮನುಷ್ಯನಿಗೆ ಎಷ್ಟು ಹೊತ್ತು ಬೇಕು? ಈ ಊರಿನಲ್ಲಿ ಅವರಿಗೆ ಗೊತ್ತಿಲ್ಲದ ಗಿರಣಿ ಯಾವುದಿದೆ?

ಕಳೆದ ವರ್ಷ ಕಾಟನ್‌ಪೇಟೆಯಲ್ಲಿ, ಶಶಿಯ ತಾಯಿ ಬೈರಮ್ಮನವರ ಮನೆಯ ಓಣಿಯಲ್ಲೇ, ಮೂವರು ಅವನನ್ನು ಬೈಕಿನಿಂದ ಎಳೆದು ಹೊಡೆದದ್ದು, ಹೆಗಲ ಮೂಳೆ ಮುರಿದದ್ದು, ಪೊಲೀಸರ ಕಾಗದದಲ್ಲಿ ಅದು ಬೈಕ್ ಜಾರಿ ಬಿದ್ದದ್ದು ಎಂದಾದದ್ದು ನಿನಗೆ ಗೊತ್ತೇ ಇದೆ. ಆಗ ನಿನ್ನ ಅಪ್ಪನಿಗೆ ನಿನ್ನ ಮನೆ ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ನಿನ್ನ ಅಮ್ಮ ಸಿಕ್ಕಿದ್ದರು. ಸಿಕ್ಕಿದ್ದರು ಅಂದರೆ, ಅವರು ಪ್ರತಿ ಶನಿವಾರ ಹೂವಿಗೆ ಬರುವ ಹೊತ್ತು ನೋಡಿಕೊಂಡು ನಾನೇ ಹೋಗಿ ಪಕ್ಕದಲ್ಲಿ ನಿಂತೆ. ವಿಶಾಲಮ್ಮ ನನ್ನ ಮುಖ ನೋಡಲಿಲ್ಲ. ಸೇವಂತಿಗೆ ಆರಿಸುತ್ತಲೇ, “ರಂಜಿನೀನ ರೂಮಿಂದ ಆಚೆ ಬಿಡ್ತಿಲ್ಲ. ದೊಡ್ಡೋಳಿಗೆ ಹೇಳಿ, ಹೊರಟೋಗ್ಲಿ. ನಾನು ಹೇಳ್ದೆ ಅನ್ಬೇಡಿ” ಎಂದರು. ಹೂವನ್ನು ಅಲ್ಲೇ ಬಿಟ್ಟು ಹೋದರು. ಹೂವಿನವಳು ಹಿಂದಿನಿಂದ ಕೂಗುತ್ತಲೇ ಇದ್ದಳು.

ನಿನ್ನ ಫೋನ್ ನಂಬರು ನನ್ನ ಹತ್ತಿರ ಇಲ್ಲ, ನಾನೇ ಬರಬೇಕಿತ್ತು. ಆದರೆ ನಿನ್ನೆಯಿಂದ ನಮ್ಮ ಮನೆಯ ಎದುರು, ಎಳನೀರು ಗಾಡಿಯ ಪಕ್ಕ, ಒಬ್ಬ ಸ್ಕೂಟರ್ ನಿಲ್ಲಿಸಿಕೊಂಡು ಕೂತಿದ್ದಾನೆ. ಬೆಳಿಗ್ಗೆ ಗಾಂಧಿ ಬಜಾರಿಗೂ ನನ್ನ ಆಟೋ ಹಿಂದೆಯೇ ಬಂದ. ವಿಶಾಲಮ್ಮನ ಪಕ್ಕ ನಿಂತದ್ದನ್ನೂ ನೋಡಿದನೋ ಏನೋ. ಅವನು ಈವರೆಗೆ ಒಂದೂ ಎಳನೀರು ಕುಡಿದಿಲ್ಲ. ಕಿಟಕಿ ಪರದೆ ಸರಿಸಿದರೆ ತಲೆ ಎತ್ತಿ ನೋಡುತ್ತಾನೆ. ಅದಕ್ಕೇ ಹನುಮಕ್ಕನನ್ನು ಹಿಂದಿನ ಸಂದಿಯಿಂದ ಕಳಿಸುತ್ತಿದ್ದೇನೆ.

ಏನು ಮಾಡಬೇಕೆಂದು ಕೇಳು. ಶಶಿಗೆ ಫೋನ್ ಮಾಡಿ ಆಫೀಸಿನಿಂದ ಕರೆಸಿಕೊ. ಬೈರಮ್ಮನವರ ಮನೆಗೆ ಹೋಗಬೇಡಿ, ನಿನ್ನ ಅಪ್ಪನ ಕಡೆಯವರು ಮೊದಲು ಹುಡುಕುವುದು ಅಲ್ಲೇ. ಮದುವೆ ರಿಜಿಸ್ಟರ್ ಆದ ಕಾಗದ, ನಿನ್ನ ಆಸ್ಪತ್ರೆ ಫೈಲು, ಎರಡು ಜೊತೆ ಬಟ್ಟೆ, ಅಷ್ಟೇ. ಪೊಲೀಸಿನವರ ಹತ್ತಿರ ಹೋಗುವುದಾದರೆ ನಿಮ್ಮ ಮದುವೆಗೆ ಸಾಕ್ಷಿ ಹಾಕಿದ ವಕೀಲರ ಜೊತೆಯಲ್ಲೇ ಹೋಗಿ. ಬೇಕಾದರೆ ನಾನು ಸಾಕ್ಷಿ ಹೇಳುತ್ತೇನೆ. ಹೇಳುತ್ತೇನೆ ಎಂದುಕೊಂಡಿದ್ದೇನೆ. ಎಲ್ಲಿ ಉಳಿಯುತ್ತೀರೆಂದು ನನಗೆ ಮಾತ್ರ ತಿಳಿಸಬೇಡ. ನನ್ನ ಮೇಲೆ ನನಗೇ ನಂಬಿಕೆ ಹೋಗಿದೆ. ಯಾಕೆಂದು ಈಗ ಕೇಳಬೇಡ.

ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕ್ಷಮಿಸು. ರಂಜಿನಿಯ ಪತ್ರ ಒಳ್ಳೆಯ ಪತ್ರ, ಮಗಳೇ. ಓದಬಾರದವರು ಓದಿದರು ಅಷ್ಟೇ. ಮಗು ಹುಟ್ಟಿದ ಮೇಲೆ ಅದಕ್ಕೆ ಓದಿಸುವಂತಾಗಲಿ. ನಿನಗೂ ಶಶಿಗೂ ನನ್ನ ಆಶೀರ್ವಾದ. ಈಗ ಏಳು, ಬಟ್ಟೆ ಕಟ್ಟು.

ನಿನ್ನ
ಮಹಾನಂದ ಮಿಸ್

ಮರೆತೆ ಎಂದು ಬರೆಯಲಾರೆ, ಮುಚ್ಚಿಟ್ಟಿದ್ದೆ. ಸಹಿ ಹಾಕಿ, ಲಕೋಟೆಗೆ ಹಾಕಿ, ಮತ್ತೆ ತೆಗೆದು ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ನಿನ್ನ ಅಪ್ಪ ನಮ್ಮ ಮನೆಗೆ ಬಂದಿದ್ದರು. ರಂಜಿನಿಯ ಟಿ.ಸಿ. ಅರ್ಜಿಯನ್ನು ನನ್ನ ಟೇಬಲ್ ಮೇಲೆ ಇಟ್ಟರು. “ನೀವೂ ನಮ್ಮೋರೇ ಅಲ್ವಾ ಮೇಡಂ. ಸೋಮವಾರ ಇವಳನ್ನ ಸ್ಕೂಲ್ ಬಿಡಿಸಿ ಊರಿಗೆ ಕಳಿಸಿ ಒಂದು ಗಂಡು ನೋಡ್ಬಿಡ್ತೀನಿ. ಇಲ್ಲಾ ದೊಡ್ಡೋಳಿಗೆ ನೀವೊಂದು ಕಾಗದ ಬರ್ಕೊಡಿ. ಅಲ್ಲಿ ಹೋಗಿ ಗಲಾಟೆ ಯಾಕೆ, ಅವಳೇ ಮನೆಗೆ ಬರ್ಲಿ” ಎಂದರು. ಬರೆದುಕೊಟ್ಟೆ. ರಂಜಿನಿಗಾಗಿ ಬರೆದೆ ಎಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ ಹೆದರಿ ಬರೆದೆ.

ನಿನ್ನ ಅಮ್ಮನಿಗೆ ಲಕ್ವ ಹೊಡೆದಿದೆ, ಅಪ್ಪ ಊರಲ್ಲಿಲ್ಲ, ಭಾನುವಾರ ಬೆಳಿಗ್ಗೆ ಒಬ್ಬಳೇ ಮನೆಗೆ ಬಾ, ನಾನೂ ಅಲ್ಲಿರುತ್ತೇನೆ ಎಂದಿದೆ ಅದರಲ್ಲಿ. ಎಲ್ಲ ಸುಳ್ಳು. ಇವತ್ತೋ ನಾಳೆಯೋ ಯಾರಾದರೂ ತಂದು ಕೊಡುತ್ತಾರೆ. ಅಕ್ಷರ ನನ್ನದೇ, ಸಹಿಯೂ ನನ್ನದೇ. ಅವರು ಒಂದು ಸಾಲನ್ನೂ ಹೇಳಿಕೊಡಲಿಲ್ಲ. ಯಾವ ಮಾತಿಗೆ ನೀನು ಅಳುತ್ತೀ, ಯಾವ ಮಾತಿಗೆ ಚಪ್ಪಲಿ ಹಾಕಿಕೊಂಡು ಹೊರಟುಬಿಡುತ್ತೀ ಎಂದು ಯೋಚಿಸಿ ಯೋಚಿಸಿ, ನಿನ್ನ ಮುಖವನ್ನೇ ಕಣ್ಣೆದುರು ಇಟ್ಟುಕೊಂಡು ನಾನೇ ಬರೆದೆ. ಅದು ಈ ಪತ್ರಕ್ಕಿಂತ ಚೆನ್ನಾಗಿದೆ, ಶರಣ್ಯಾ. ಓದಿದರೆ ನೀನು ಬಂದೇ ಬರುತ್ತೀ. ಅದನ್ನು ಓದಬೇಡ.