ಹದಿನಾಲ್ಕನೇ ಮರದ ರಸ

ಡಿಸೆಂಬರ್ 3, ಬೆಳಿಗ್ಗೆ

ಹದಿನಾಲ್ಕನೇ ಮರದ ಕಿತ್ತಳೆಗಳು ಬಣ್ಣಕ್ಕೆ ತಿರುಗಿವೆ. ಒಂದು ಬುಟ್ಟಿ ಕೊಯ್ದು ತಂದೆ. ಸಿಪ್ಪೆ ತೆಳು, ಬೀಜ ಕಡಿಮೆ, ಸಿಹಿ ಹೋದ ವರ್ಷಕ್ಕಿಂತ ಹೆಚ್ಚು. ಹಿಂಡಿದ ಕೂಡಲೇ ಒಂದು ಲೋಟ ಕುಡಿದೆ — ಎಂದಿನಂತೆ. ಎರಡು ತಳಿ ಕ್ರಾಸ್ ಮಾಡಿ ನಾನೇ ಬೆಳೆಸಿದ ಮರ. ಕುಡಿಯದೆ ಇರುವುದು ಹೇಗೆ.

ಉಳಿದ ರಸ ಫ್ರಿಜ್ಜಿಗೆ. ಕೆಲವು ಕಿತ್ತಳೆ ಹಿಂಡಿದಾಗ ಸಿಹಿ, ಒಂದು ದಿನ ಇಟ್ಟರೆ ಕಹಿ. ಶುಂಠಿ, ಪುದೀನ ಬೆರೆಸಿ ಬಾಟಲಿಗೆ ತುಂಬುವ ಪಾನೀಯಕ್ಕೆ ಅಂಥದ್ದು ಆಗದು. ಅದಕ್ಕೇ ಇಟ್ಟ ರಸವನ್ನೇ ರುಚಿ ನೋಡುವವರಿಗೆ ಕೊಡುವುದು. ಸಿಹಿ, ಹುಳಿಗೆ ಮೀಟರ್ ಇದೆ. ಕಹಿಗೆ ನಮ್ಮಲ್ಲಿರುವುದು ಅಕ್ಕನ ನಾಲಿಗೆ. ಒಡಹುಟ್ಟಿದ ಅಕ್ಕ ಅಲ್ಲ — ಇಡೀ ಲ್ಯಾಬಿಗೇ ಅಕ್ಕ. ನನಗೆ ಕೆಲಸ ಕಲಿಸಿದವರು. ರುಚಿ ನೋಡುವ ಉಳಿದವರು ಅಕ್ಕ ಬರೆದದ್ದನ್ನು ಕದ್ದು ನೋಡಿ ಬರೆಯುವವರು. ಬೈದರೂ ಬಿಟ್ಟಿಲ್ಲ.

ಈ ಸಲವೂ ಒಳ್ಳೆಯ ಅಂಕ ಬಂದರೆ ಹದಿನಾಲ್ಕು ಹೊಸ ತಳಿಯಾಗಿ ಬಿಡುಗಡೆ. ನನ್ನ ಮೊದಲನೆಯದು. ಬಹುಶಃ ಕೊನೆಯದೂ.

ಡಿಸೆಂಬರ್ 4

ಲೋಟದ ಮೇಲೆ ಗುಪ್ತ ನಂಬರ್. ಯಾವುದು ಯಾವ ಮರದ್ದೆಂದು ನನಗೊಬ್ಬಳಿಗೇ ಗೊತ್ತು. ನಾನೇ ಒಂದೊಂದಾಗಿ ಅಕ್ಕನ ಮುಂದಿಟ್ಟೆ. ಹದಿನಾಲ್ಕಕ್ಕೆ ಅಕ್ಕ: "ಕಹಿ ಇಲ್ಲ. ಚೆನ್ನಾಗಿದೆ." ಕೈ ತೊಳೆಯುವ ನೆಪದಲ್ಲಿ ಬೇಸಿನ್ನಿನ ಮುಂದೆ ನಿಂತು ಒಬ್ಬಳೇ ನಕ್ಕೆ.

ಸಂಸ್ಥೆಯ ನಿರ್ದೇಶಕರು ಒಂಬತ್ತನೇ ಮರ ಏನಾಯಿತು ಎಂದರು. ಹೋದ ವರ್ಷವೇ ಕೀಳಿಸಿದೆ ಎಂದೆ. ಮುಳ್ಳೋ ಮುಳ್ಳು. ಹತ್ತಿರ ಹೋದಾಗಲೆಲ್ಲ ಕೈಯಲ್ಲಿ ರಕ್ತ. ಅಕ್ಕನೂ ಎರಡು ವರ್ಷ ಅದಕ್ಕೆ "ಕಹಿ" ಎಂದೇ ಬರೆದಿದ್ದರು. ಪೀಡೆ ತೊಲಗಿತು.

ಡಿಸೆಂಬರ್ 11

ದವಡೆ ಹಲ್ಲು ನೋವು, ಕೆನ್ನೆ ಊದಿದೆ. ಅಮ್ಮ: "ಒಂದು ಕೆನ್ನೆ ಮನೇಲಿದೆ, ಇನ್ನೊಂದು ಬೀದಿಗೆ ಹೋಗಿದೆ. ರಜಾ ಹಾಕು." ಹಾಕಲಿಲ್ಲ. ಶಾಲು ಸುತ್ತಿಕೊಂಡು ಹೋದೆ, ಕಣ್ಣು ಮಾತ್ರ ಹೊರಗೆ.

ಎರಡನೇ ಸುತ್ತು. ಹೋಲಿಕೆಗೆಂದು ಪ್ರತಿ ಸಲ ಒಂದು ಹಳೇ ತಳಿಯ ರಸ ಇಡುತ್ತೇವೆ — ಆ ಕಹಿ ಶತ್ರುವಿಗೂ ಬೇಡ. ಅದಕ್ಕೆ ಅಕ್ಕ "ಕಹಿ ಇಲ್ಲ" ಎಂದು ಬರೆದಿದ್ದಾರೆ. ಹದಿನಾಲ್ಕಕ್ಕೆ "ತುಂಬಾ ಕಹಿ". ಹಲ್ಲುನೋವಿನಲ್ಲಿ ಲೋಟ ಅದಲು ಬದಲು ಮಾಡಿರಬೇಕು. ನನ್ನದೇ ಎಡವಟ್ಟು.

ಡಿಸೆಂಬರ್ 12

ಅದಲು ಬದಲಾಗಿಲ್ಲ. ಹಳೇ ತಳಿಯ ಲೋಟದ ತಳದಲ್ಲಿದ್ದ ಹನಿ ನಾಲಿಗೆಗೆ ಹಚ್ಚಿ ನೋಡಿದೆ. ಅದೇ ವಿಷ.

ಅಕ್ಕನಿಗೆ ಏನಾಗಿದೆ? ಕ್ಯಾಂಟೀನಿನಲ್ಲಿ ಎದುರಿಗೇ ಕೂತಿದ್ದರು. ಹವೆಯ ಬಗ್ಗೆ ಮಾತಾಡಿ ಎದ್ದು ಬಂದೆ.

ಡಿಸೆಂಬರ್ 15

ಕೇಳುವ ಬದಲು ಬುದ್ಧಿವಂತಿಕೆ ಮಾಡಿದೆ. ಒಂದೇ ರಸ, ಮೂರು ಲೋಟ, ಮೂರು ಬೇರೆ ಬೇರೆ ನಂಬರ್. ಜೀಪಿನ ಡ್ರೈವರ್ ಕೈಯಲ್ಲಿ ಕೊಡಿಸಿ, ನಾನು ಪಕ್ಕದ ಕೋಣೆಯ ಗಾಜಿನ ಹಿಂದೆ. ರುಚಿ ನೋಡುವವರೆಲ್ಲ ಕೂತಿದ್ದರು.

ಅಕ್ಕ ಮೊದಲನೆಯದು ಕುಡಿದು ಡ್ರೈವರ್ ಮುಖ ನೋಡಿದರು. ಎರಡನೆಯದಕ್ಕೂ ಹಾಗೇ. ಅವನ ಮುಖದಲ್ಲಿ ಏನಿದೆ, ಊಟದ ಹೊತ್ತು ಮೀರಿತೆಂಬ ಸಿಟ್ಟು ಬಿಟ್ಟರೆ. ಮೂರನೆಯದನ್ನು ಮುಟ್ಟದೆ ಎದ್ದು ನೇರ ನನ್ನ ಬಳಿ ಬಂದರು.

"ಮೂರೂ ಒಂದೇನಾ?"

"ಹೌದಕ್ಕ."

"ಮೂರು ವರ್ಷದ ಹಿಂದೆ ಜ್ವರ ಬಂದಿತ್ತಲ್ಲ, ಆಗ್ಲೇ ಹೋಯ್ತು ಕಣೇ. ವಾಸನೆ, ರುಚಿ ಎರಡೂ. ಬರುತ್ತೆ ಬರುತ್ತೆ ಅಂದ್ರು ಡಾಕ್ಟ್ರು. ಬರ್ಲಿಲ್ಲ."

"ಮತ್ತೆ ಅಂಕ..."

"ನಿನ್ನ ಮುಖ ನೋಡಿ ಹಾಕ್ತಿದ್ದೆ. ಲೋಟ ಇಡೋವಾಗ್ಲೇ ಗೊತ್ತಾಗ್ತಿತ್ತು, ಇದು ನಿನ್ನ ಮುದ್ದಿನ ಮರ, ಇದು ಆ ಮುಳ್ಳಿನ ಮರ ಅಂತ. ನನ್ನ ತಪ್ಪೇ. ಈ ಕೆಲಸ ಬಿಟ್ರೆ ನಂಗೆ ಬೇರೇನು ಬರುತ್ತೆ ಹೇಳು?" ಆಮೇಲೆ ದನಿ ತಗ್ಗಿಸಿ, "ಆದ್ರೆ ನೀನು ಕೇಳಿದ್ರೆ ಹೇಳ್ತಿದ್ದೆ. ಎಲ್ಲರ ಮುಂದೆ ಬೇಕಿತ್ತಾ?"

ಬಾಗಿಲು ತೆರೆದೇ ಇತ್ತು. ಎಲ್ಲರೂ ಕೇಳಿಸಿಕೊಂಡರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಜನವರಿ 2

ಅಕ್ಕ ಕೆಲಸಕ್ಕೆ ಬರುತ್ತಿಲ್ಲ. ಫೋನ್ ಎತ್ತುವುದಿಲ್ಲ.

ಒಂಬತ್ತು ಇದ್ದ ಜಾಗಕ್ಕೆ ಹೋಗಿದ್ದೆ. ಆ ಗುಂಡಿಯಲ್ಲಿ ಈಗ ಹದಿನಾಲ್ಕರ ಕಸಿಗಿಡ — ನೆಡಿಸಿದವಳು ನಾನೇ. ಒಂಬತ್ತರ ಒಂದು ಕಡ್ಡಿಯನ್ನೂ ಉಳಿಸಿಕೊಂಡಿಲ್ಲ. ಯಾವ ಮರದಲ್ಲಿ ಯಾವ ಗುಣ ಅಡಗಿದೆಯೋ, ಯಾವುದನ್ನೂ ಕಳೆದುಕೊಳ್ಳಬಾರದು ಎಂದು ವಿದ್ಯಾರ್ಥಿಗಳ ಮುಂದೆ ಗಂಟೆಗಟ್ಟಲೆ ಕೊರೆಯುವವಳು. ಅದರ ರಸ ಕಹಿಯಿತ್ತೋ, ಇಲ್ಲವೋ. ಇನ್ನು ಯಾರಿಗೂ ತಿಳಿಯುವುದಿಲ್ಲ. ಕೈಗೆ ಮುಳ್ಳು ಚುಚ್ಚಿತೆಂದು ಮುಖ ಸಿಂಡರಿಸಿದೆ, ಒಂದು ಮರ ಹೋಯಿತು. ಅಲ್ಲೇ ಕೂತು ಅತ್ತೆ.

ನಿರ್ದೇಶಕರು: "ಸೋಮವಾರ ವರದಿ ಕೊಡಿ. ಹದಿನಾಲ್ಕೇ ತಾನೇ?" ಹೂಂ ಎಂದೆ. ಹೊಸಬರಿಂದ ರುಚಿ ನೋಡಿಸಬಹುದು. ನೋಡಿಸಿಲ್ಲ. ನಾನಾದರೂ ಇಟ್ಟ ರಸ ಕುಡಿದು ನೋಡಬಹುದು. ಕುಡಿದಿಲ್ಲ. ಧೈರ್ಯವಿಲ್ಲ, ಅಷ್ಟೇ.

ಜನವರಿ 5, ಭಾನುವಾರ, ಸಂಜೆ

ಅಕ್ಕನ ಮನೆಗೆ ಹೋದೆ. ಬಾಗಿಲು ತೆರೆದರು, "ಬಾ" ಎಂದರು. ಅಡುಗೆಮನೆಯಲ್ಲೇ ಕೂತೆವು. ಕ್ಷಮಿಸಿ ಅಕ್ಕ ಎಂದೆ. ಅಕ್ಕ ಎದ್ದು ಫ್ರಿಜ್ಜಿನಿಂದ ಒಂದು ಬಾಟಲಿ ತೆಗೆದರು. ಡ್ರೈವರನಿಗೆ ಹೇಳಿ ಹದಿನಾಲ್ಕರ ಹಣ್ಣು ತರಿಸಿಕೊಂಡಿದ್ದರಂತೆ.

"ಶುಂಠಿ, ಪುದೀನ ಎಲ್ಲಾ ಅಳತೆ ಪ್ರಕಾರ ಹಾಕಿದೀನಿ. ನಿನ್ನೆ ಹಿಂಡಿದ್ದು. ಕುಡಿ."

ಒಂದು ಗುಟುಕು. ನುಂಗಿ ನಗಲು ನೋಡಿದೆ. ಅಕ್ಕ ನನ್ನನ್ನೇ ದಿಟ್ಟಿಸುತ್ತಿದ್ದರು.

"ಹೇಗಿದೆ?"

"ಚೆನ್ನಾ..."

"ನನ್ನ ಹತ್ರ ಬೇಡ. ಮೂರು ವರ್ಷ ಇದೇ ಮುಖ ಓದಿದೀನಿ."

"ಕಹಿ ಅಕ್ಕ. ತುಂಬಾ ಕಹಿ."

ಅಕ್ಕ ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಉಳಿದದ್ದನ್ನು ನೀರು ಕುಡಿದ ಹಾಗೆ ಗಟಗಟ ಕುಡಿದು ಮುಗಿಸಿದರು.

"ನಂಗೆ ಏನೂ ಗೊತ್ತಾಗ್ಲಿಲ್ಲ ನೋಡು," ಎಂದರು.

ಜನವರಿ 6, ಹತ್ತು ಗಂಟೆ

ಹದಿನಾಲ್ಕು ಬಿಡುಗಡೆಗೆ ಯೋಗ್ಯವಲ್ಲ. ಬರೆದೆ. ಕೆಳಗೆ ಕಾರಣ ಬೇಕು. "ರುಚಿ ನೋಡಿದವರ ದೋಷ" ಎಂದು ಶುರು ಮಾಡಿ ಹೊಡೆದು ಹಾಕಿದೆ.

ನಿರ್ದೇಶಕರು ಕರೆ ಕಳಿಸಿದ್ದಾರೆ. ತಪ್ಪು ಯಾರದು ಎಂದೇ ಮೊದಲು ಕೇಳುತ್ತಾರೆ. ಅಕ್ಕನ ಮೇಲೆ ಹಾಕಿದರೆ ಎಲ್ಲರೂ ನಂಬುತ್ತಾರೆ, ಅಕ್ಕನೂ ಎದುರಾಡುವುದಿಲ್ಲ. ಹಾಕುವುದಿಲ್ಲ. ಲೋಟ ಕೊಡುತ್ತಿದ್ದವಳು ನಾನು, ಅಕ್ಕ ಓದಿದ ಆ ಮುಖವೂ ನನ್ನದೇ —