ಮೊದಲು ಇಳಿದವಳ ಅಂಕ

ಡಿಸೆಂಬರ್ ೧೨, ಶುಕ್ರವಾರ

'ತೂಗುವವನ ಕೈ ನಡುಗದಿರಲಿ' — ಹೀಗೇ ಇತ್ತೇ ಆ ಸಾಲು? ಅಥವಾ 'ಒಮ್ಮೆಯಾದರೂ ನಡುಗಲಿ' ಎಂದಿತ್ತೋ? ಎಂ.ಎ. ಓದುವಾಗ ಯಾವುದೋ ಹಳೆಯ ಸಂಕಲನದಲ್ಲಿ ಕಂಡದ್ದು. ಕಪಾಟು ಹುಡುಕಿದೆ, ಸಿಗಲಿಲ್ಲ. ಎರಡೂ ಒಪ್ಪಿಗೆಯಾಗುತ್ತಿಲ್ಲ. ನಡುಗುವ ಕೈಯನ್ನು ನಂಬುವುದು ಹೇಗೆ... ಎಂದೂ ನಡುಗದ ಕೈಯನ್ನೂ.

ನಾಳೆ ಗುಡ್ಡದಲ್ಲಿ ಸ್ಕೀ ಸ್ಪರ್ಧೆ. ಹಿಮದ ದಿಬ್ಬಗಳ ಇಳಿಜಾರು, ನಡುವೆ ಎರಡು ಜಿಗಿತ. ತಿರುವುಗಳಿಗೆ ಅಂಕ ಕೊಡುವ ಐವರಲ್ಲಿ ನಾನೊಬ್ಬಳು; ಜಿಗಿತಕ್ಕೆ ಬೇರೆಯವರು. ಮೂರನೆಯ ಕುರ್ಚಿ, ಯಾವಾಗಲೂ. ಮೊದಲ ಇಬ್ಬರು ಹುಡುಗಿಯರಿಗೆ ರಾಷ್ಟ್ರೀಯ ತಂಡದಲ್ಲಿ ಜಾಗ. ಕೆಳಮನೆಯ ತುಯಿರೆಯ ಮಗಳು ಸೈಮಿಯೂ ಇಳಿಯುತ್ತಾಳೆ. ಚೀಟಿ ಎತ್ತಿದಾಗ ಒಂದನೆಯ ಸಂಖ್ಯೆ ಅವಳಿಗೇ ಬಂತು. ಯಾರಿಗೂ ಬೇಡದ ಸಂಖ್ಯೆ.

ಮುಖ್ಯ ತೀರ್ಪುಗಾರ ರೌನೊಗೆ ಫೋನ್ ಮಾಡಿದೆ. ಹುಡುಗಿ ನನ್ನ ನೆರೆಯವಳು, ನನ್ನನ್ನು ಬಿಟ್ಟುಬಿಡು ಎಂದೆ.

"ಈ ಊರಲ್ಲಿ ಯಾರು ಯಾರಿಗೆ ನೆರೆಯವರಲ್ಲ ಹೇಳು? ಸುಮ್ನೆ ಬಾ. ಬೆಚ್ಚಗೆ ಹಾಕ್ಕೊಂಡು ಬಾ."

ಪ್ರತಿ ಶುಕ್ರವಾರ ಸಂಜೆ ಆರಕ್ಕೆ ನೆಲಮಾಳಿಗೆಯ ಸೌನಾದಲ್ಲಿ, ಆ ಬಿಸಿ ಹಬೆಯ ಕೋಣೆಯಲ್ಲಿ, ನನಗೂ ತುಯಿರೆಗೂ ಪಾಳಿ. ಇವತ್ತು ಇಳಿಯಲಿಲ್ಲ. ತುಯಿರೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಳು.

"ಬರಲ್ವೇನೆ?"

"ನಾಳೆ ಕಳೀಲಿ. ನಾನು ಅಂಕ ಕೊಡೋಳು."

"ಅಲ್ಲಿ ಮೈಮೇಲೆ ಬಟ್ಟೇನೇ ಇರಲ್ಲ. ಲಂಚ ಎಲ್ಲಿಟ್ಕೊಂಡು ಬರಲಿ ಮಾರಾಯ್ತಿ?"

ನಕ್ಕೆವು. ಆದರೂ ಹೋಗಲಿಲ್ಲ.

ಸೈಮಿ ಏಳು ವರ್ಷದವಳಿದ್ದಾಗ ನೆನಪು. ಅಂಗಳದಲ್ಲಿ ಟ್ರ್ಯಾಕ್ಟರ್ ಒಟ್ಟಿದ ಹಿಮದ ರಾಶಿಯಿಂದ ಸ್ಕೀ ಕಟ್ಟಿ ಜಿಗಿದು, ನನ್ನ ಬಾಲ್ಕನಿಯ ಕಡೆ ಕತ್ತೆತ್ತುತ್ತಿದ್ದಳು. "ಹೆಲ್ಕಾ, ಎಷ್ಟು?" ಅಡುಗೆಮನೆ ಕಿಟಕಿಯಿಂದ ಅವಳಮ್ಮ ಇಪ್ಪತ್ತಕ್ಕೆ ಇಪ್ಪತ್ತು ಎಂದು ಕೂಗುವಳು. ನಾನು, ಒಂಬತ್ತು, ಮೊಣಕಾಲು ಅಗಲವಾಯ್ತು, ಅನ್ನುವೆ. ಅಮ್ಮನ ಇಪ್ಪತ್ತನ್ನು ಆ ಮಗು ಎಂದೂ ನಂಬಲಿಲ್ಲ. ಮತ್ತೆ ಹತ್ತುತ್ತಿತ್ತು.

ಡಿಸೆಂಬರ್ ೧೩, ಸಂಜೆ

ಬರೆಯಬೇಕು. ಕೈ ಇನ್ನೂ ತಣ್ಣಗಿದೆ.

ಬೆಳಿಗ್ಗೆ ರೌನೊನ ಅದೇ ಮಾತು, ಪ್ರತಿ ಚಳಿಗಾಲದ್ದು. "ಮೇಲೆ ಜಾಗ ಬಿಡಿ. ಮೊದಲು ಬಂದೋರಿಗೇ ಹದಿನೆಂಟು ಕೊಟ್ಟು ಕೂತರೆ ಆಮೇಲಿನೋರನ್ನ ಎಲ್ಲಿ ಕೂರಿಸ್ತೀರಿ, ಛಾವಣಿ ಮೇಲಾ?" ಎಲ್ಲರೂ ನಕ್ಕರು. ನಾನೂ.

ಸೈಮಿ ಇಳಿದಳು. ಎರಡು ಮೊಣಕಾಲೂ ಒಂದೇ ದಾರದಲ್ಲಿ ಕಟ್ಟಿದ ಹಾಗೆ. ಮನಸ್ಸಿನಲ್ಲಿ ಹದಿನೇಳೂವರೆ. ಜಾಗ ಬಿಡಬೇಕಲ್ಲ — ಹದಿನಾರು ಒತ್ತಿದೆ. ಅಷ್ಟರಲ್ಲಿ ಬೇಲಿಯ ಬಳಿ ನಿಂತಿದ್ದ ತುಯಿರೆ ನಮ್ಮ ಅಟ್ಟಣೆಯ ಕಡೆ ಕೈ ಬೀಸಿದಳು. ಪಕ್ಕದವರು ನನ್ನ ಕಡೆ ನೋಡಿದರೆನಿಸಿತು. ನೋಡಿರಲಿಕ್ಕಿಲ್ಲ. ಅಳಿಸಿ ಹದಿನೈದು ಮಾಡಿದೆ.

ಬೋರ್ಡಿನ ಮೇಲೆ ಐದು ಅಂಕ, ನಮ್ಮ ಕುರ್ಚಿಗಳ ಕ್ರಮದಲ್ಲಿ. ಉಳಿದ ನಾಲ್ವರದು ಹದಿನಾರರ ಆಸುಪಾಸು. ಅತಿ ಹೆಚ್ಚಿನದೂ ಅತಿ ಕಡಿಮೆಯದೂ ಬಿಟ್ಟು, ಮಿಕ್ಕ ಮೂರು ಲೆಕ್ಕಕ್ಕೆ.

ಹತ್ತೊಂಬತ್ತನೆಯವಳು ಯುವಾಸ್ಕುಲಾದ ಹುಡುಗಿ. ಅದೇ ಇಳಿತ, ಕೂದಲೆಳೆಯಷ್ಟು ಸಡಿಲ. ನಾವೆಲ್ಲ ಹದಿನೇಳೂವರೆ ಕೊಟ್ಟೆವು. ಜಾಗ ಬಿಡಬೇಕಾದವರು ಯಾರೂ ಉಳಿದಿರಲಿಲ್ಲ.

ಮೊದಲ ಸುತ್ತಿಗೆ ಸೈಮಿ ನಾಲ್ಕನೆಯವಳು. ಎರಡನೆಯ ಸುತ್ತಿನಲ್ಲಿ, ಕೊನೆಯ ಜಿಗಿತಕ್ಕೆ, ಹಿಂದಕ್ಕೆ ಮಗುಚಿ ಎರಡು ಸಲ ತಿರುಗಲು ಹೋದಳು. ಬೇಸಿಗೆಯಲ್ಲಿ, ಕೆರೆಯ ನೀರಿಗೆ ಬೀಳುವ ಅಭ್ಯಾಸದಲ್ಲಿ ಮಾತ್ರ ಮಾಡಿದ್ದು. ಬೆನ್ನು ಕೆಳಗಾಗಿ ದಿಬ್ಬದ ಮೇಲೆ ಬಿದ್ದಳು. ಏಳಲಿಲ್ಲ. ಹೆಲಿಕಾಪ್ಟರ್ ಬರುವ ಹೊತ್ತಿಗೆ ಬೆಳಕು ಹೋಗಿತ್ತು.

ನನ್ನ ಮುಂದಿನ ಪರದೆ ಅವಳ ಅಂಕಕ್ಕೆ ಕಾಯುತ್ತಲೇ ಇತ್ತು.

ಡಿಸೆಂಬರ್ ೧೪

ಕೆಳಮನೆ ಕತ್ತಲು. ಇಬ್ಬರೂ ಔಲುವಿನ ಆಸ್ಪತ್ರೆಯಲ್ಲಿ. ಕಿಟಕಿಯ ಕ್ರಿಸ್‌ಮಸ್ ನಕ್ಷತ್ರ ಮಾತ್ರ ಮಧ್ಯಾಹ್ನ ಮೂರು ಗಂಟೆಗೆ ತಾನಾಗಿ ಹೊತ್ತಿಕೊಂಡಿತು.

ಡಿಸೆಂಬರ್ ೧೮

ತೀರ್ಪುಗಾರರೆಲ್ಲ ವಿಡಿಯೊ ನೋಡಲು ಸೇರಿದ್ದೆವು. ಒಂದನೆಯವಳನ್ನೂ ಹತ್ತೊಂಬತ್ತನೆಯವಳನ್ನೂ ಅಕ್ಕಪಕ್ಕ ಹಾಕು ಎಂದೆ ರೌನೊಗೆ. ಹಾಕಿದ. ಹೀಟರ್ ಸದ್ದು.

"ಐದೂ ಜನ ಹೆಚ್ಚುಕಮ್ಮಿ ಒಂದೇ ಥರ ಕೊಟ್ಟಿದೀವಿ," ಎಂದ ರೌನೊ. "ಒಬ್ಬರಿಗೊಬ್ಬರು ಹೊಂದಿದೀವಿ. ಇನ್ನೇನು ಬೇಕು?"

"ಐದೂ ಜನ ಒಂದೇ ಥರ ತಪ್ಪಿದೀವಿ."

"ನಿನ್ನ ಹದಿನೈದಕ್ಕೆ ಕೊರಗ್ತಿದೀಯಾ? ಅತಿ ಕಡಿಮೆ ಅಂಕ ಅದು, ಲೆಕ್ಕದಿಂದ ಬಿದ್ದೇ ಹೋಯ್ತು. ನೀನು ಮನೇಲಿ ಕೂತಿದ್ರೂ ಅವಳು ನಾಲ್ಕನೆಯವಳೇ. ಕಾಫಿ ಕುಡಿ ಹೆಲ್ಕಾ."

ಸ್ಕೀ ಒಕ್ಕೂಟಕ್ಕೆ ಬರೆಯುತ್ತೇನೆ ಎಂದೆ.

"ಬರಿ. ಮುಂದಿನ ವರ್ಷ ಆ ಚಳೀಲಿ ಕೂರೋಕೆ ಯಾರು ಬರ್ತಾರೆ ಅಂತಲೂ ಬರಿ."

ಕಾಫಿ ಕುಡಿದೆ. ಲೆಕ್ಕದಿಂದ ಬಿದ್ದುಹೋಯಿತು... ದಾರಿಯುದ್ದಕ್ಕೂ ಆ ಮಾತು. ಹಿತವಾಗಿತ್ತು, ನಾಚಿಕೆಯಾಗುವಷ್ಟು.

ಜನವರಿ ೬

ಒಕ್ಕೂಟಕ್ಕೆ ಬರೆದು ಕಳಿಸಿದೆ. ನನ್ನ ಹದಿನೈದರ ವಿಷಯ ಅದರಲ್ಲಿಲ್ಲ. ಲೆಕ್ಕಕ್ಕೇ ಬಾರದ್ದನ್ನು ಬರೆದು ಏನು?

ಮೆಟ್ಟಿಲ ಬಳಿ ಕೇಳಿಬಂದ ಸುದ್ದಿ: ಸೈಮಿಗೆ ಸೊಂಟದ ಕೆಳಗೆ ಸ್ಪರ್ಶ ತಿಳಿಯುವುದಿಲ್ಲ. ಮುಂದೆಯೂ ಕಷ್ಟವಂತೆ.

ಜನವರಿ ೯, ಶುಕ್ರವಾರ

ಆರು ಗಂಟೆ. ನಮ್ಮ ಪಾಳಿಯಲ್ಲಿ ಸೌನಾ ಖಾಲಿ ಕಾಯುತ್ತಿರಬೇಕು. ಕರೆಗಂಟೆ. ತುಯಿರೆ. ಮಗಳ ಬಟ್ಟೆ ಒಯ್ಯಲು ಬಂದವಳು, ಕೈಯಲ್ಲಿ ಚೀಲ. ಒಳಗೆ ಬಾ ಎಂದೆ. ಬೂಟು ಬಿಚ್ಚಲಿಲ್ಲ.

ಹೇಳಿಬಿಡಬೇಕೆಂದುಕೊಂಡಿದ್ದೆ, ಹದಿನೇಳೂವರೆ ಎಂದು. ಆ ಒಂದೇ ಮಾತು. ಬಾಯಿ ತೆರೆದೆ. ಅವಳೇ ಮೊದಲು ಶುರುಮಾಡಿದಳು.

"ಕೋಚ್ ಬೇಡ ಬೇಡ ಅಂದನಂತೆ ಕಣೇ ಆ ಜಿಗಿತ. ಇವಳು ಕೇಳಬೇಕಲ್ಲ. ನಿನ್ನೆ ಕೇಳಿದೆ, ಯಾಕೆ ಹಾಗೆ ಮಾಡಿದೆ ಅಂತ. ಬೋರ್ಡಲ್ಲಿ ಅವಳು ನೋಡಿದ್ದು ಮೂರನೇ ಅಂಕ ಒಂದೇ ಅಂತೆ. 'ಹದಿನೈದು ಅಂದ್ರೆ ಹದಿನೈದೇ ಅಮ್ಮ. ಬರೀ ತಿರುವಿಂದ ಗೆಲ್ಲೋಕಾಗಲ್ಲ ಅಂತ ಗೊತ್ತಾಯ್ತು. ಹೆಲ್ಕಾ ಯಾವತ್ತೂ ಇದ್ದದ್ದನ್ನೇ ಹೇಳೋದು' ಅಂದ್ಳು."