ಹನ್ನೊಂದು ಕಮಿಟ್

ಸೋಮವಾರ, 6
ಇವತ್ತೂ ಕಮಿಟ್ ಮಾಡಲಿಲ್ಲ. ಗ್ರಂಥಾಲಯದವರಿಗೆ ಪುಸ್ತಕ ಹುಡುಕುವ ಪುಟ — ನನ್ನ ಮೊದಲ ಸ್ವಂತ ಕೆಲಸ! ಶುಕ್ರವಾರ ಲೈಬ್ರೇರಿಯನ್ ಬಂದು ನೋಡುತ್ತಾರೆ. ಒಪ್ಪಿದರೆ ಟ್ರೈನಿಯಾದ ನನ್ನ ಕೆಲಸ ಕಾಯಂ. ಅರ್ಧಂಬರ್ಧ ಕೋಡನ್ನು ಕಮಿಟ್ ಮಾಡಿ ಟೀಮಿನ ದಾಖಲೆಗೆ ಹೇಗೆ ಸೇರಿಸಲಿ? ಎಲ್ಲರೂ ನೋಡುತ್ತಾರೆ. ಎಂ.ಎ. ಪ್ರಬಂಧದ ಕರಡನ್ನೇ ಯಾರಿಗೂ ತೋರಿಸಿದವಳಲ್ಲ. ಪೂರ್ತಿಯಾಗಲಿ.

ಬುಧವಾರ, 8. ಸಂಜೆ 5
ನಿನ್ನೆ ಪುಸ್ತಕದ ಹೆಸರು ಕೊಟ್ಟರೆ ಸಿಗುತ್ತಿತ್ತು. ಇವತ್ತು ಲೇಖಕರ ಹೆಸರಿಗೂ ಸಿಗಲಿ ಎಂದು ಅಲ್ಲಿ ಇಲ್ಲಿ ಕೈಯಾಡಿಸಿದೆ... ಈಗ ಎರಡೂ ಇಲ್ಲ. ನಿನ್ನೆಯದಕ್ಕೆ ಮರಳಲು ದಾರಿಯೂ ಇಲ್ಲ.
ಟೀಮ್ ಲೀಡ್ ಕುರ್ಚಿ ಎಳೆದುಕೊಂಡು ಕೂತರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತೇವೆ.
“ಕೊನೇ ಕಮಿಟ್ ಯಾವತ್ತಮ್ಮ?”
“ಹೋದ ವಾರ... ಪೂರ್ತಿ ಆಗ್ಲಿ ಅಂತಿದ್ದೆ ಅಕ್ಕ.”
“ಇದೇನು ಮಹಾಕಾವ್ಯನಾ? ಮುನ್ನುಡಿ ಬರೆಸಿ ಬಿಡುಗಡೆ ಮಾಡೋಕೆ?”
ನಮ್ಮ ಕೋಡಿನಲ್ಲಿ ತಪ್ಪು ಹುಡುಕುವ ಆಚೆ ಮೇಜಿನ ಟೆಸ್ಟರ್ ಕಿಸಕ್ಕೆಂದ. ನೆಲ ಬಾಯಿಬಿಡಬಾರದೇ ಎನಿಸಿತು.
ಅಕ್ಕ ದನಿ ತಗ್ಗಿಸಿದರು. “ಒಂದು ಸಣ್ಣ ಕೆಲಸ ಸರಿಹೋಯ್ತಾ, ಓಡಿಸಿ ನೋಡಿದ್ಯಾ, ಕಮಿಟ್ ಮಾಡು. ಚೆಂದ ಆಮೇಲೆ. ಮುಂದೆ ಏನಾದ್ರೂ ಕೆಟ್ಟರೆ ಅಲ್ಲಿಗೇ ವಾಪಸ್ ಬರಬಹುದು. ಕೆಟ್ಟಿರೋದನ್ನ ಮಾತ್ರ ಸೇರಿಸಬೇಡ.”

ಗುರುವಾರ, 9
ಹೋದ ವಾರದ ಕಮಿಟ್‌ನಿಂದ ಮತ್ತೆ ಶುರು! ಪುಸ್ತಕದ ಹೆಸರಿಗೆ ಸಿಕ್ಕಿತು — ಕಮಿಟ್. ಖಾಲಿ ಬಿಟ್ಟರೆ ‘ಏನಾದರೂ ಬರೆಯಿರಿ’ ಎಂದಿತು — ಕಮಿಟ್. ಲೇಖಕರು — ಕಮಿಟ್. ಒಂದೊಂದಕ್ಕೂ ಒಂದು ಸಾಲಿನ ಟಿಪ್ಪಣಿ. ಸಂಜೆಗೆ ಹನ್ನೊಂದು! ಟೆಸ್ಟರ್ ಒಂದು ಟಿಪ್ಪಣಿ ಗಟ್ಟಿಯಾಗಿ ಓದಿದ. “‘ಲೇಖಕರ ಹೆಸರು ಅರ್ಧ ಬರೆದರೂ ಸಿಗುತ್ತಾರೆ’... ನೀವೊಬ್ರಾದ್ರೂ ಮನುಷ್ಯರಿಗೆ ಅರ್ಥ ಆಗೋ ಹಾಗೆ ಬರೀತೀರಲ್ಲ ಮಾರಾಯ್ರೇ!” ಕಿವಿ ಬಿಸಿಯಾಯಿತು. ಮೇಜಿನ ಕೆಳಗೆ ಕಾಲು ಮಾತ್ರ ಕುಣಿಯುತ್ತಿತ್ತು.

ಶುಕ್ರವಾರ, 10. ಬೆಳಿಗ್ಗೆ 10.40
ಸುಮ್ಮನಿರಲಾಗಲಿಲ್ಲ. ಓದಲು ಒಯ್ದ ಪುಸ್ತಕ ಯಾವತ್ತು ಮರಳುತ್ತದೆ ಎನ್ನುವುದನ್ನೂ ತೋರಿಸಹೋದೆ. ಪುಟವೇ ಮಲಗಿತು. ಲೈಬ್ರೇರಿಯನ್ ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ನಿನ್ನೆಯ ಕೊನೆಯ ಕಮಿಟ್‌ಗೆ ಮರಳಿದೆ. ಎದ್ದಿತು! ಅರ್ಧ ನಿಮಿಷ, ಅಷ್ಟೇ!

11.30
ಲೈಬ್ರೇರಿಯನ್ ಐದು ಪುಸ್ತಕ ಹುಡುಕಿದರು. ಐದೂ ಸಿಕ್ಕವು. “ಚೆನ್ನಾಗಿದೆ, ಇದನ್ನೇ ತಗೋತೀವಿ. ಆದ್ರೆ... ಹೊರಗೆ ಹೋಗಿರೋ ಪುಸ್ತಕ ಯಾವತ್ತು ವಾಪಸ್ ಬರುತ್ತೆ ಅಂತ ಗೊತ್ತಾಗಬೇಕಲ್ಲ?”
ಅಕ್ಕ ಬಾಯಿ ತೆರೆಯುವ ಮೊದಲೇ “ಸೋಮವಾರ ಕೊಡ್ತೀನಿ ಮೇಡಂ” ಎಂದುಬಿಟ್ಟೆ. ನಾನು! ಕೇಳದೆ ಒಂದು ಮಾತೂ ಆಡದವಳು!
“ನಮ್ಮ ಪ್ರೋಗ್ರಾಮರ್ ಹೇಳಿದ ಮೇಲೆ ಆಯ್ತು ಬಿಡಿ,” ಅಂದರು ಅಕ್ಕ. ಟ್ರೈನಿ ಎನ್ನಲಿಲ್ಲ.

3.15
ತಾರೀಖು ಬಂತು! ಒಂದೇ ಪುಸ್ತಕಕ್ಕೆ. ಸಾಲು ವಕ್ರ, ಅಕ್ಷರ ಅಂಟಿಕೊಂಡಿವೆ, ಆದರೂ ಸರಿಯಾದ ತಾರೀಖು. ಉಳಿದದ್ದು ಆಮೇಲೆ ಬರೆಯುತ್ತೇನೆ, ಮೊದಲು ಇದನ್ನು ಕಮಿಟ್...